ನೋವಿನ ಮಾತ್ರೆ ಮತ್ತು ಮನೆಯ ಹಿರಿಯರು



ವರ್ಷಗಟ್ಟಲೆ ಕೂತು ಬೀಡಿ ಕಟ್ಟಿ, ನೀರು ಹೊತ್ತು ಸೊಂಟ, ಮೊಣಕಾಲು ಸವೆಸಿಕೊಂಡ ಅಜ್ಜಿಯಂದಿರು ಮಂಗಳೂರಿನ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ಮದ್ದಿನ ಚೀಲ ಬಿಚ್ಚಿ ನೋಡಿದರೆ ಬಿಪಿ ಮಾತ್ರೆ, ಗ್ಯಾಸಿನ ಮಾತ್ರೆಗಳ ನಡುವೆ 'ಟ್ರಮಡಾಲ್' ಎಂದು ಬರೆದ ಒಂದು ಸ್ಟ್ರಿಪ್ ಸಿಗಬಹುದು. ಹತ್ತು ದಿನಕ್ಕೆಂದು ಡಾಕ್ಟರು ಬರೆದುಕೊಟ್ಟದ್ದು ಐದು ವರ್ಷದಿಂದ ನಡೆಯುತ್ತಾ ಇರುತ್ತದೆ. ಈ ಸಲದ ಪಾಠ ಅದರ ಬಗ್ಗೆ.

ಮಾರ್ಫಿನ್ ಅಫೀಮಿನಿಂದ ತಯಾರಾಗುವ ಮದ್ದು. ಟ್ರಮಡಾಲ್, ಟಪೆಂಟಡಾಲ್, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಇವು ಕಾರ್ಖಾನೆಯಲ್ಲಿ ತಯಾರಾದರೂ ಅದೇ ಗುಂಪಿನವು. ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಈ ಗುಂಪಿನವಲ್ಲ. 2018ರ ಏಪ್ರಿಲ್‌ನಲ್ಲಿ ಸರಕಾರ ಟ್ರಮಡಾಲನ್ನು 1985ರ ಮಾದಕ ವಸ್ತು ಕಾಯ್ದೆಯಡಿ ತಂದಿತು. ಆದ್ದರಿಂದ ಮೆಡಿಕಲ್‌ನವರು ಡಾಕ್ಟರ ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಚೀಟಿ ಇಲ್ಲದೆ ಕೊಡುವವರ ಬಗ್ಗೆಯೇ ನಾವು ಎಚ್ಚರ ವಹಿಸಬೇಕು.

ವಯಸ್ಸಾದಂತೆ ಮೂತ್ರಪಿಂಡ, ಪಿತ್ತಜನಕಾಂಗ ನಿಧಾನವಾಗುತ್ತವೆ. ಮದ್ದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಲವತ್ತರ ಮಗಳಿಗೆ ಹಿಡಿಸುವ ಪ್ರಮಾಣ ಎಪ್ಪತ್ತೈದು ದಾಟಿದ ತಾಯಿಗೆ ಹೆಚ್ಚಾದೀತು. ತೂಕಡಿಕೆ, ತಲೆಸುತ್ತು ಬರುತ್ತದೆ. ರಾತ್ರಿ ಬಚ್ಚಲಿಗೆ ಎದ್ದವರು ಮಳೆಗಾಲದ ಒದ್ದೆ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ, ಹಳೆಯ ನೋವಿಗಿಂತ ದೊಡ್ಡ ಕಷ್ಟ ಅದು. ಮಲಬದ್ಧತೆಯಂತೂ ಹೆಚ್ಚಿನವರಿಗೆ ಬರುತ್ತದೆ. ಅಜ್ಜಿ ನಾಚಿಕೆಯಿಂದ ಹೇಳುವುದಿಲ್ಲ, ನಾವೇ ಕೇಳಬೇಕು. ಬಾಳೆಹಣ್ಣು, ಬಿಸಿನೀರು ಮಾತ್ರ ಇದಕ್ಕೆ ಸಾಲದು. ಹೊಟ್ಟೆ ಸಡಿಲಿಸುವ ಮದ್ದನ್ನೂ ಡಾಕ್ಟರಲ್ಲಿ ಕೇಳಿ ಪಡೆಯಿರಿ.

ಎಲ್ಲಕ್ಕಿಂತ ಅಪಾಯ ಬೆರಕೆಯಲ್ಲಿದೆ. ನೋವಿಗೆ ಒಬ್ಬ ಡಾಕ್ಟರು, ನಿದ್ರೆಗೆ ಇನ್ನೊಬ್ಬರು, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಟ್ರಮಡಾಲ್ ಜೊತೆ ಆಲ್‌ಪ್ರಜೊಲಾಮ್‌ನಂಥ ನಿದ್ರೆ ಮಾತ್ರೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಅಜ್ಜಂದಿರ ಸಂಜೆಯ ಶರಾಬಿಗೂ ಇದೇ ಮಾತು. ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳ ಜೊತೆ ಟ್ರಮಡಾಲ್ ಸೇರಿ ಫಿಟ್ಸ್ ಬರುವುದುಂಟು. ಇನ್ನೊಂದು, ಟ್ರಮಡಾಲಿನ ಕೆಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಜ್ವರ ಬಂತೆಂದು ಮೇಲಿಂದ ಪ್ಯಾರಾಸಿಟಮಾಲ್ ನುಂಗಿಸಿದರೆ ಅದು ಎರಡು ಪಟ್ಟಾಗುತ್ತದೆ.

ಇಷ್ಟು ಓದಿ ಹೆದರಿ, ನಾಳೆಯೇ ಅಜ್ಜಿಯ ಮಾತ್ರೆ ಕಿತ್ತು ಬಿಸಾಡಬೇಡಿ! ದಿನವೂ ತಿಂಗಳುಗಟ್ಟಲೆ ತೆಗೆದುಕೊಂಡ ದೇಹ ಅದಕ್ಕೆ ಒಗ್ಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ, ನಿದ್ದೆಯಿಲ್ಲದ ರಾತ್ರಿಗಳು, ನೋವು ಇಮ್ಮಡಿ. ಆಗ ಮನೆಯವರು "ಇವರಿಗೆ ಚಟ ಹತ್ತಿದೆ" ಎಂದು ಬೈಯುವುದುಂಟು. ಅದು ಅನ್ಯಾಯ. ದೇಹ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಕಡಿಮೆ ಮಾಡಬೇಕಾದರೆ ಡಾಕ್ಟರು ವಾರ, ತಿಂಗಳುಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಕೆಲವರಿಗೆ ಪೂರ್ತಿ ಬಿಡಿಸಬೇಕಾಗಿಲ್ಲ, ಕಡಿಮೆ ಪ್ರಮಾಣವೇ ಸಾಕು.

ಹಾಗಾದರೆ ಮಾಡುವುದೇನು? ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್, ಆಯುರ್ವೇದದ ಡಬ್ಬಿ ಸಹಿತ ಒಂದು ಚೀಲಕ್ಕೆ ಹಾಕಿ. ವೆನ್‌ಲಾಕ್ ಆಗಲಿ, ನೀವು ಹೋಗುವ ಬೇರೆ ಆಸ್ಪತ್ರೆಯಾಗಲಿ, ಒಬ್ಬರೇ ಡಾಕ್ಟರ ಮೇಜಿನ ಮೇಲೆ ಅದನ್ನು ಸುರಿಯಿರಿ. "ನೋವು ಉಂಟು" ಎಂದಷ್ಟೇ ಹೇಳಬೇಡಿ. ಮಾತ್ರೆ ತೆಗೆದುಕೊಂಡ ಮೇಲೆ ಅಂಗಳಕ್ಕೆ ನಡೆಯಲು ಆಗುತ್ತದೋ, ನೆಲದಿಂದ ಏಳಲು ಆಗುತ್ತದೋ, ಹಗಲಲ್ಲಿ ತೂಕಡಿಸುತ್ತಾರೋ, ಅದನ್ನು ಹೇಳಿ. ಮಾತ್ರೆಯಿಂದ ಓಡಾಟ ಸುಧಾರಿಸದಿದ್ದರೆ ವ್ಯಾಯಾಮ, ಫಿಸಿಯೋಥೆರಪಿ, ಬೇರೆ ಮದ್ದು ನೋಡಬಹುದು. ಫೆಂಟನಿಲ್ ಪ್ಯಾಚ್ ಅಂಟಿಸಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಲೇಬೇಡಿ, ಬಿಸಿಗೆ ಮದ್ದು ಒಮ್ಮೆಲೇ ಒಳಗೆ ಇಳಿಯುತ್ತದೆ. ಅಜ್ಜಿಯ ಮಾತ್ರೆಯನ್ನು ಪಕ್ಕದ ಮನೆಯ ಸೊಂಟನೋವಿಗೆ ಕೊಡುವುದೂ ಬೇಡ, ಮಕ್ಕಳ ಕೈಗೆ ಸಿಗುವಲ್ಲಿ ಇಡುವುದೂ ಬೇಡ.

ಕ್ಯಾನ್ಸರಿನ ನೋವಿನ ಮಾತೇ ಬೇರೆ. "ಮಾರ್ಫಿನ್ ಕೊಟ್ಟರೆ ಮುಗಿಯಿತು" ಎಂದು ಹೆದರಿ, ಕೊನೆಯ ದಿನಗಳನ್ನು ನರಳಾಟದಲ್ಲಿ ಕಳೆಯುವವರಿದ್ದಾರೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿದೆ. ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆ ವಿಭಾಗ ಉಂಟಾ ಎಂದು ಕೇಳಿ.

ಈ ಮಾತ್ರೆ ತೆಗೆದುಕೊಳ್ಳುವವರು ಕರೆದರೆ, ಅಲುಗಾಡಿಸಿದರೆ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿ ಗೊರಗೊರ ಎಂದರೆ, ತುಟಿ ನೀಲಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಬಾಯಿಗೆ ನೀರು ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮಾತ್ರೆಯ ಸ್ಟ್ರಿಪ್ ಜೊತೆಗೇ ಒಯ್ಯಿರಿ.

ಸಭೆಯಲ್ಲಿ ಮಾತಾಡಲು: ನಿಮ್ಮ ಮನೆಯ ಹಿರಿಯರು ದಿನಕ್ಕೆ ಎಷ್ಟು ಮಾತ್ರೆ ತೆಗೆದುಕೊಳ್ಳುತ್ತಾರೆ? ಅವನ್ನು ಬರೆದುಕೊಟ್ಟ ಡಾಕ್ಟರು ಎಷ್ಟು ಜನ? ಮುಂದಿನ ಸಭೆಗೆ ಬರುವಾಗ ಎಣಿಸಿ, ಬರೆದು ತನ್ನಿ.