ಧೂಳಿನ ಇಟ್ಟಿಗೆ

2015ರ ಜುಲೈ ತಿಂಗಳಿನಲ್ಲಿ ಚೀನಾದ ರಾಜಧಾನಿಯಾದ ಬೀಜಿಂಗ್ ನಗರದ ಬೀದಿಗಳಲ್ಲಿ ಒಂದು ವಿಚಿತ್ರ ದೃಶ್ಯವು ಕಾಣತೊಡಗಿತು. ತರುಣನೊಬ್ಬನು ಕಾರ್ಖಾನೆಗಳಲ್ಲಿ ಬಳಸುವಂತಹ, ಧೂಳು ಹೀರುವ ದೊಡ್ಡ ಯಂತ್ರವನ್ನು ತಳ್ಳಿಕೊಂಡು ನಡೆಯುತ್ತಿದ್ದನು. ಅದರ ಕೊಳವೆಯ ಬಾಯಿಯನ್ನು ಆತನು ನೆಲದ ಕಡೆಗೆ ಹಿಡಿದಿರಲಿಲ್ಲ. ಬರಿಯ ಗಾಳಿಗೆ ಒಡ್ಡಿದ್ದನು!

ಆತನು ‘ನಟ್ ಬ್ರದರ್’ ಎಂಬ ಹೆಸರಿನಿಂದ ಪ್ರಸಿದ್ಧನಾದ ಕಲಾವಿದ. ದಿನಕ್ಕೆ ಸುಮಾರು ನಾಲ್ಕು ಗಂಟೆಗಳಂತೆ 100 ದಿನ ಆತನು ಗಾಳಿಯಲ್ಲಿನ ಧೂಳನ್ನು ಸಂಗ್ರಹಿಸಿದನು. ಬಳಿಕ ಅದನ್ನು ಜೇಡಿಮಣ್ಣಿನೊಡನೆ ಕಲಸಿ, ತಾಂಗ್‌ಷಾನ್ ಪಟ್ಟಣದ ಇಟ್ಟಿಗೆ ಕಾರ್ಖಾನೆಯಲ್ಲಿ ಒಂದೇ ಒಂದು ಇಟ್ಟಿಗೆಯನ್ನು ಮಾಡಿಸಿದನು.

ಇಷ್ಟು ಶ್ರಮ ಏತಕ್ಕಾಗಿ? ಗಾಳಿಯಲ್ಲಿ ತೇಲುವ ಕಣಗಳಲ್ಲಿ ಅತ್ಯಂತ ಅಪಾಯಕರವಾದವು ಒಂದು ಮಿಲಿಮೀಟರಿನ 400ರಲ್ಲಿ ಒಂದು ಭಾಗಕ್ಕಿಂತಲೂ ಸಣ್ಣವು. ಅವು ಶ್ವಾಸಕೋಶದ ಆಳಕ್ಕೆ ಇಳಿದು ರಕ್ತವನ್ನೂ ಸೇರಬಲ್ಲವು. ಆ ವರ್ಷ ಬೀಜಿಂಗ್‌ನ ಒಂದು ಘನ ಮೀಟರು ಗಾಳಿಯಲ್ಲಿ ಇಂತಹ ಕಣಗಳ ಸರಾಸರಿ ಪ್ರಮಾಣವು 80.6 ಮೈಕ್ರೊಗ್ರಾಂ ಇತ್ತು; ಚೀನಾ ತಾನೇ ವಿಧಿಸಿಕೊಂಡ ಮಿತಿ 35. ಆದರೆ ಅಂಕಿಗಳನ್ನು ಓದಿ ಬೆಚ್ಚುವವರು ಎಷ್ಟು ಮಂದಿ? ದಿನವೂ ಉಸಿರಾಡುವ ಗಾಳಿಗೆ ಮನುಷ್ಯನು ಒಗ್ಗಿಹೋಗುತ್ತಾನೆ.

ಇಟ್ಟಿಗೆಯ ಮಾತು ಬೇರೆ. ಹಳೆಯ ಬೀಜಿಂಗ್ ಬೂದುಬಣ್ಣದ ಇಟ್ಟಿಗೆಯ ನಗರ. ಅದರ ಕೋಟೆಗೋಡೆಗಳೂ, ಇಕ್ಕಟ್ಟಾದ ಓಣಿಗಳ ತೊಟ್ಟಿಮನೆಗಳೂ ಇಟ್ಟಿಗೆಯವೇ. ಅವುಗಳಲ್ಲಿ ಬಹುಭಾಗವನ್ನು ಕೆಡವಿ ಹೊಸ ನಗರವು ಮೇಲೆದ್ದಿತು. ಅದಕ್ಕೆ ಬೇಕಾದ ಉಕ್ಕು ಸಿಮೆಂಟುಗಳಿಗಾಗಿ ಉರಿದ ಕಲ್ಲಿದ್ದಲೇ ಆಕಾಶವನ್ನು ಮಸುಕುಗೊಳಿಸಿತು. ತಾಂಗ್‌ಷಾನ್ ಕೂಡ ಉಕ್ಕಿನ ಪಟ್ಟಣವೇ. ಅಜ್ಜನ ಮನೆಯ ನೆನಪನ್ನೂ ಮೊಮ್ಮಗನ ಕೆಮ್ಮಿನ ಕಾರಣವನ್ನೂ ಒಂದೇ ವಸ್ತುವಿನಲ್ಲಿ ಅಡಗಿಸಿದ್ದು ಕಲಾವಿದನ ಜಾಣ್ಮೆ. ‘ಇಟ್ಟಿಗೆಯನ್ನು ಎಸೆದು ಜೇಡ್ ಶಿಲೆಯನ್ನು ಪಡೆ’ ಎಂಬ ಅರ್ಥದ ನಾಣ್ಣುಡಿಯೊಂದು ಚೀನೀಯರಲ್ಲಿದೆ. ತನ್ನ ಅಲ್ಪವಾದ ಮಾತನ್ನು ಮುಂದಿಟ್ಟು ಬಲ್ಲವರ ಬಾಯಿಯನ್ನು ತೆರೆಸುವುದೇ ಅದರ ಭಾವ.

ಬಾಯಿಗಳು ತೆರೆದವು. ಇಟ್ಟಿಗೆಯ ಚಿತ್ರಗಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದವು. ಅದೇ ಡಿಸೆಂಬರ್ 7ರಂದು ಬೀಜಿಂಗ್ ಆಡಳಿತವು ಮೊಟ್ಟಮೊದಲ ಬಾರಿಗೆ ವಾಯುಮಾಲಿನ್ಯದ ಕೆಂಪು ಎಚ್ಚರಿಕೆಯನ್ನು ಸಾರಿತು. ಶಾಲೆಗಳು ಮುಚ್ಚಿದವು, ಅರ್ಧದಷ್ಟು ಕಾರುಗಳು ರಸ್ತೆಗಿಳಿಯಲಿಲ್ಲ.

ಇಟ್ಟಿಗೆಯಿಂದ ಗಾಳಿ ಶುದ್ಧವಾಯಿತೆನ್ನುವುದು ಸರಿಯಲ್ಲ. ನೂರು ದಿನಗಳಲ್ಲಿ ಸಿಕ್ಕಿದ ಧೂಳು ಒಂದು ಹಿಡಿಯಷ್ಟು ಮಾತ್ರ. ಕಲ್ಲಿದ್ದಲಿನ ಕುಲುಮೆಗಳನ್ನು ಮುಚ್ಚಿಸಿ, ಕಾರ್ಖಾನೆಗಳನ್ನು ಸ್ಥಳಾಂತರಿಸಿ, ವಾಹನಗಳ ಹೊಗೆಗೆ ಕಟ್ಟುನಿಟ್ಟಿನ ಮಿತಿಗಳನ್ನು ಹಾಕಿದ ಮೇಲೆಯೇ, 2021ರಲ್ಲಿ, ಆ ಸರಾಸರಿಯು 33ಕ್ಕೆ ಇಳಿಯಿತು. ಕಲಾವಿದನಿಗೂ ಅಂತಹ ಭ್ರಮೆಯೇನೂ ಇದ್ದಂತಿಲ್ಲ. ತನ್ನ ಇಟ್ಟಿಗೆಯು ಕಟ್ಟಡವೊಂದರ ಗೋಡೆಯನ್ನು ಸೇರಿ, ಉಳಿದ ಇಟ್ಟಿಗೆಗಳ ನಡುವೆ ಗುರುತು ಸಿಗದಂತೆ ಮರೆಯಾಗಬೇಕೆಂಬುದೇ ಆತನ ಅಪೇಕ್ಷೆಯಾಗಿತ್ತು.