ಗಣಕಯಂತ್ರದ ಬೀಗವೂ ಕೀಲಿಕೈಯೂ

ಗಣಕಯಂತ್ರವನ್ನು ಕೊಂಡವರೇ ಅದರ ಒಡೆಯರು; ಅದರಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆ ಇರಬೇಕೆಂಬುದನ್ನು ನಿರ್ಧರಿಸುವ ಅಧಿಕಾರವೂ ಅವರದೇ. ಮೇಲುನೋಟಕ್ಕೆ ಇದು ವಾದಕ್ಕೆ ಎಡೆಯಿಲ್ಲದ ಮಾತು. ಆದರೆ 2012ರಿಂದ ಈಚೆಗೆ ತಯಾರಾದ ಬಹುಪಾಲು ಯಂತ್ರಗಳಲ್ಲಿ ಈ ಅಧಿಕಾರವು ಒಂದು ಪರೀಕ್ಷೆಗೆ ಒಳಪಟ್ಟಿದೆ. ಆ ಪರೀಕ್ಷೆ ಯಾವುದು, ಅದು ಏಕೆ ಬಂತು, ಅದರ ಕೀಲಿಕೈ ಯಾರ ವಶದಲ್ಲಿದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ರ ನಿಯಮಗಳಿಗೆ ಹೊಂದದ ಎಷ್ಟೋ ಯಂತ್ರಗಳು ಇನ್ನೂ ಗಟ್ಟಿಮುಟ್ಟಾಗಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ಲ್ಯಾಪ್‌ಟಾಪ್‌ಗಳು ಮಾರಾಟಕ್ಕೆ ದೊರೆಯುತ್ತವೆ. ಬಸವನಗುಡಿಯ ವಿದ್ಯಾರ್ಥಿನಿಯೊಬ್ಬಳು ಅಂತಹುದೊಂದನ್ನು ಕೊಂಡು, ಅದರಲ್ಲಿ ಉಬುಂಟು ಅಥವಾ ಡೆಬಿಯನ್‌ನಂತಹ ಸ್ವತಂತ್ರ ವ್ಯವಸ್ಥೆಯನ್ನು ಸ್ಥಾಪಿಸಿಕೊಂಡರೆ ಅದು ಇನ್ನೂ ಹಲವು ವರ್ಷ ದುಡಿಯಬಲ್ಲುದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗಂತೂ ಇದು ಹೊಸದಲ್ಲ. ಕೇರಳದ ಕೈಟ್ ಸಂಸ್ಥೆಯು ಶಾಲೆಗಳಿಗೆಂದು ಉಬುಂಟುವಿನ ಆಧಾರದ ಮೇಲೆ ಸಿದ್ಧಪಡಿಸಿರುವ ಗ್ನು-ಲಿನಕ್ಸ್ ವ್ಯವಸ್ಥೆಯಲ್ಲಿಯೇ ಅವರು ಗಣಕ ಪಾಠವನ್ನು ಕಲಿಯುತ್ತಾರೆ. ಇಲ್ಲಿ 'ಸ್ವತಂತ್ರ' ಎಂದರೆ ಬೆಲೆಯಿಲ್ಲದ್ದು ಎಂದಷ್ಟೇ ಅರ್ಥವಲ್ಲ. ಬಳಸುವ, ಒಳಗನ್ನು ಓದಿ ತಿಳಿಯುವ, ತಿದ್ದುವ ಮತ್ತು ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರುವ ತಂತ್ರಾಂಶವೆಂದು ಅರ್ಥ.

ಆದರೆ ಇಂತಹ ವ್ಯವಸ್ಥೆಯನ್ನು ಪೆನ್ ಡ್ರೈವ್‌ನಿಂದ ಆರಂಭಿಸಲು ಹೊರಟಾಗ, ಭದ್ರತಾ ನಿಯಮದ ಉಲ್ಲಂಘನೆಯಾಗಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡಿ ಯಂತ್ರವು ನಿಂತುಬಿಡುವುದುಂಟು. ಇದಕ್ಕೆ ಕಾರಣವೇನು?

ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಯಂತ್ರದ ಸ್ಮೃತಿ ಬರಿದಾಗಿರುತ್ತದೆ. ಆಗ ಮೊದಲು ಎಚ್ಚರಗೊಳ್ಳುವುದು, ಒಳಗಿನ ಚಿಪ್ ಒಂದರಲ್ಲಿ ಬರೆದಿಟ್ಟಿರುವ ಫರ್ಮ್‌ವೇರ್ ಎಂಬ ಕಿರು ತಂತ್ರಾಂಶ. ಅದು ಕೀಲಿಮಣೆ, ಪರದೆ, ಡಿಸ್ಕ್ ಮುಂತಾದ ಅಂಗಗಳನ್ನು ಸಿದ್ಧಗೊಳಿಸಿ, ಡಿಸ್ಕಿನಿಂದ ಮುಂದಿನ ತಂತ್ರಾಂಶವನ್ನು ಕರೆತಂದು ಅದಕ್ಕೆ ಆಡಳಿತವನ್ನು ಒಪ್ಪಿಸುತ್ತದೆ. 1981ರ ಐ.ಬಿ.ಎಂ. ಪಿ.ಸಿ.ಯಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು ಬಯಾಸ್. ಅದು ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದಿ, ಬರೆದವರು ಯಾರೆಂದು ವಿಚಾರಿಸದೆಯೇ ಅವುಗಳಿಗೆ ಆಡಳಿತವನ್ನು ಕೊಡುತ್ತಿತ್ತು. ಈ ಮುಗ್ಧತೆಯನ್ನು ಕಿಡಿಗೇಡಿಗಳು ಬಲುಬೇಗ ಕಂಡುಕೊಂಡರು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ 'ಬ್ರೇನ್' ಎಂಬ ವೈರಸ್ ಫ್ಲಾಪಿಯ ಆ ಮೊದಲ ತುಣುಕಿನಲ್ಲಿಯೇ ಮನೆ ಮಾಡಿತು. ಎಲ್ಲರಿಗಿಂತ ಮೊದಲು ಒಳಹೊಕ್ಕವನು ಅನಂತರ ಬರುವ ಕಾವಲುಗಾರರೆಲ್ಲರ ಕಣ್ಣಿಗೂ ಮಣ್ಣೆರಚಬಲ್ಲನಷ್ಟೆ!

ಇದಕ್ಕೆ ಪರಿಹಾರವಾಗಿ ಬಂದುದು 'ಸೆಕ್ಯೂರ್ ಬೂಟ್'. ಬಯಾಸ್‌ನ ಸ್ಥಾನವನ್ನು ಆಕ್ರಮಿಸಿದ ಯು.ಇ.ಎಫ್.ಐ. ಎಂಬ ಮಾನಕದಲ್ಲಿ, 2011ರಲ್ಲಿ ಇದರ ನಿಯಮಗಳು ಸೇರಿದವು. ಇದರ ಹಿಂದಿನ ಗಣಿತ ಸೊಗಸಾದುದು. ತಂತ್ರಾಂಶವು ಎಷ್ಟೇ ದೊಡ್ಡದಾಗಿರಲಿ, ಅದನ್ನು ಗಣಿತದ ಒಂದು ಕ್ರಮಕ್ಕೆ ಒಳಪಡಿಸಿ 256 ಬಿಟ್‌ಗಳ ಒಂದು ಸಾರಸಂಖ್ಯೆಯನ್ನು ಪಡೆಯುತ್ತಾರೆ. ಮೂಲದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಸಂಖ್ಯೆಯ ಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗುತ್ತವೆ. ಬಳಿಕ ತಯಾರಕರು ತಮ್ಮ ಗುಪ್ತಕೀಲಿಯಿಂದ ಈ ಸಾರಸಂಖ್ಯೆಗೆ ಸಹಿ ಹಾಕುತ್ತಾರೆ. ಜೊತೆಗಿರುವ ಬಹಿರಂಗ ಕೀಲಿಯಿಂದ ಸಹಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಅದರಿಂದ ಸಹಿ ಹಾಕಲು ಬಾರದು.

ಇದು ಹೇಗೆ ಸಾಧ್ಯ? 89 ಮತ್ತು 97ನ್ನು ಗುಣಿಸಿದರೆ 8633 ಬರುತ್ತದೆಂಬುದನ್ನು ಕಾಗದದ ಮೇಲೆ ಕ್ಷಣದಲ್ಲಿ ತೋರಿಸಬಹುದು. 8633ನ್ನು ಮಾತ್ರ ಕೊಟ್ಟು, ಇದು ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ತಡವಾಗುತ್ತದೆ. ಬಳಕೆಯಲ್ಲಿರುವ 2048 ಬಿಟ್‌ಗಳ ಸಂಖ್ಯೆಯಲ್ಲಿ 617 ಅಂಕಿಗಳಿವೆ. ಅದನ್ನು ಒಡೆಯುವುದು ಇಂದಿನ ಯಂತ್ರಗಳಿಗೆ ನಿಲುಕದ ಕೆಲಸ.

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಗಮನಿಸಬೇಕು. ಸಹಿಯು ತಂತ್ರಾಂಶ ಯಾರದು, ಅದು ಹಾದಿಯಲ್ಲಿ ಬದಲಾಗಿದೆಯೇ ಎಂಬುದನ್ನು ಮಾತ್ರ ಹೇಳುತ್ತದೆ. ಅದು ಒಳ್ಳೆಯದೇ ಎಂಬುದನ್ನು ಹೇಳದು. ಸಹಿಯಿಲ್ಲದ ಮಾತ್ರಕ್ಕೆ ತಂತ್ರಾಂಶವು ಕೆಟ್ಟದ್ದೂ ಆಗದು. ಆದುದರಿಂದ ಯಾರ ಸಹಿಯನ್ನು ಒಪ್ಪಬೇಕೆಂದು ಗೊತ್ತುಮಾಡುವವರು ಯಾರು ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಫರ್ಮ್‌ವೇರ್‌ನಲ್ಲಿ ಒಪ್ಪಿತ ಕೀಲಿಗಳ ಪಟ್ಟಿಯೊಂದೂ ನಿಷೇಧಿತ ತಂತ್ರಾಂಶಗಳ ಪಟ್ಟಿಯೊಂದೂ ಇರುತ್ತವೆ. 2012ರಲ್ಲಿ ವಿಂಡೋಸ್ 8 ಬಂದಾಗ, ಅದರ ಮಾನ್ಯತೆಯನ್ನು ಬಯಸಿದ ತಯಾರಕರು ಸೆಕ್ಯೂರ್ ಬೂಟ್ ಅನ್ನು ಚಾಲೂ ಇಟ್ಟೇ ಯಂತ್ರವನ್ನು ಮಾರಬೇಕಾಯಿತು. ಹೀಗೆ ಮೈಕ್ರೋಸಾಫ್ಟ್‌ನ ಕೀಲಿಗಳು ಮನೆಮನೆಯ ಯಂತ್ರಗಳೊಳಗೂ ಸೇರಿದವು. ಸಾಮಾನ್ಯ ಪಿ.ಸಿ.ಗಳಲ್ಲಿ ಒಡೆಯರು ಈ ಬೀಗವನ್ನು ತೆಗೆಯಲು ಅವಕಾಶವಿರಬೇಕೆಂಬ ನಿಯಮ ಆಗ ಇತ್ತು, ಎ.ಆರ್.ಎಂ. ಬಗೆಯ ವಿಂಡೋಸ್ ಸಾಧನಗಳಲ್ಲಿ ಅದಕ್ಕೆ ಅವಕಾಶ ಇರಕೂಡದೆಂದಿತ್ತು. 2015ರ ವಿಂಡೋಸ್ 10ರ ಕಾಲಕ್ಕೆ ಪಿ.ಸಿ.ಗಳ ವಿಷಯದಲ್ಲಿಯೂ ಆ ಅವಕಾಶವು ತಯಾರಕರ ಇಷ್ಟಕ್ಕೆ ಬಿಟ್ಟುದಾಯಿತು.

ಸ್ವತಂತ್ರ ತಂತ್ರಾಂಶದವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮ್ಯಾಥ್ಯೂ ಗ್ಯಾರೆಟ್ ಎಂಬ ತಂತ್ರಜ್ಞರು 2012ರಲ್ಲಿ 'ಶಿಮ್' ಎಂಬ ಪುಟ್ಟ ತಂತ್ರಾಂಶವನ್ನು ರೂಪಿಸಿದರು. ಮೈಕ್ರೋಸಾಫ್ಟ್‌ನ ಸಹಿ ಇರುವುದರಿಂದ ಫರ್ಮ್‌ವೇರ್ ಇದನ್ನು ಒಳಬಿಡುತ್ತದೆ. ಶಿಮ್ ತನ್ನೊಳಗಿರುವ ಉಬುಂಟು ಅಥವಾ ಫೆಡೋರಾದ ಕೀಲಿಯಿಂದ ಮುಂದಿನ ತಂತ್ರಾಂಶಗಳನ್ನು ಪರೀಕ್ಷಿಸುತ್ತದೆ. ಒಡೆಯರು ತಮ್ಮದೇ ಕೀಲಿಯನ್ನು ಸೇರಿಸುವುದಕ್ಕೂ ಅದರಲ್ಲಿ ಅವಕಾಶವಿದೆ. ಆದರೆ ಯಂತ್ರವು ಮರಳಿ ಆರಂಭವಾಗುವಾಗ ಕೀಲಿಮಣೆಯ ಮುಂದೆ ಕುಳಿತು ಒಪ್ಪಿಗೆ ಕೊಡಬೇಕು. ದೂರದ ಕಳ್ಳನಿಗೆ ಇದು ಸಾಧ್ಯವಾಗದು. ಡೆಬಿಯನ್ ಕೂಡ 2019ರ ತನ್ನ 10ನೆಯ ಆವೃತ್ತಿಯಿಂದ ಈ ಮಾರ್ಗವನ್ನು ಹಿಡಿಯಿತು.

ಆದರೂ ಪರಾವಲಂಬನೆ ಪೂರ್ತಿ ತಪ್ಪಲಿಲ್ಲ. 2024ರ ಆಗಸ್ಟ್‌ನಲ್ಲಿ, ದೋಷವಿದ್ದ ಹಳೆಯ ತಂತ್ರಾಂಶಗಳನ್ನು ತಡೆಯಲೆಂದು ಬಂದ ವಿಂಡೋಸ್ ಪರಿಷ್ಕರಣೆಯೊಂದು, ಎರಡೂ ವ್ಯವಸ್ಥೆಗಳಿದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಆರಂಭವಾಗದಂತೆ ಮಾಡಿತು. ಮತ್ತೊಂದು ತೊಡಕು ಕಾಲದ್ದು. ಶಿಮ್‌ಗೆ ಸಹಿ ಹಾಕುತ್ತಿದ್ದ 2011ರ ಪ್ರಮಾಣಪತ್ರಕ್ಕೆ ನಿಗದಿಯಾದ ಅವಧಿ 2026ರ ಜೂನ್‌ವರೆಗೆ. ಅದರ ಸ್ಥಾನಕ್ಕೆ 2023ರ ಪ್ರಮಾಣಪತ್ರವಿದೆ. ಹಳೆಯ ಸಹಿಯ ತಂತ್ರಾಂಶವನ್ನು ಯಂತ್ರಗಳು ಸಾಮಾನ್ಯವಾಗಿ ಒಪ್ಪುತ್ತಲೇ ಇರುತ್ತವೆ. ಆದರೆ ಹೊಸ ಸಹಿಯನ್ನಷ್ಟೇ ಹೊತ್ತ ತಂತ್ರಾಂಶವನ್ನು, ಹೊಸ ಕೀಲಿ ಸೇರದ ಹಳೆಯ ಯಂತ್ರವು ಒಪ್ಪದು.

ಹಾಗಾದರೆ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಮಾಡತಕ್ಕದ್ದೇನು? ಅಂಗಡಿಯಲ್ಲಿಯೇ ಫರ್ಮ್‌ವೇರ್‌ನ ಪುಟವನ್ನು ತೆರೆಸಿ ನೋಡಬೇಕು. ಹಿಂದಿನ ಒಡೆಯರು ಅದಕ್ಕೆ ಪಾಸ್‌ವರ್ಡ್ ಇಟ್ಟಿದ್ದರೆ, ಅದನ್ನು ತೆಗೆಸಿಯೇ ಹಣ ಕೊಡುವುದು ಲೇಸು. ಸೆಕ್ಯೂರ್ ಬೂಟ್ ಅನ್ನು ನಿಲ್ಲಿಸುವ ಆಯ್ಕೆ ಇದೆಯೇ ಎಂಬುದನ್ನು ನೋಡಿಕೊಳ್ಳಬೇಕು. 2022ರಿಂದ ಈಚಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಶಿಮ್‌ಗೆ ಬೇಕಾದ ಕೀಲಿ ಇದ್ದರೂ ಬಳಕೆಗೆ ಬಿಟ್ಟಿರುವುದಿಲ್ಲ. ಅದಕ್ಕೆ ಪ್ರತ್ಯೇಕ ಆಯ್ಕೆಯಿರುತ್ತದೆ. ಡಿಸ್ಕ್ ಬಿಟ್‌ಲಾಕರ್‌ನಿಂದ ಮುಚ್ಚಿದ್ದು, ಅದರಲ್ಲಿನ ಕಡತಗಳು ಬೇಕಿದ್ದರೆ, ಯಾವುದನ್ನು ಮುಟ್ಟುವ ಮುನ್ನವೂ ಅದರ ಮರುಪ್ರಾಪ್ತಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ಬೀಗವನ್ನು ತೆಗೆಯದೆಯೇ ಉಬುಂಟು, ಡೆಬಿಯನ್‌ಗಳನ್ನು ಮೊದಲು ಪ್ರಯತ್ನಿಸಿ ನೋಡಿರಿ. ಸಾಮಾನ್ಯವಾಗಿ ಅವು ಸುಸೂತ್ರವಾಗಿ ಆರಂಭವಾಗುತ್ತವೆ. ಸಹಿಯಿಲ್ಲದ ಸಣ್ಣ ವ್ಯವಸ್ಥೆಯಾದರೆ ಮಾತ್ರ ಬೀಗವನ್ನು ತೆಗೆಯುವ ಮಾತು.

ಬೀಗವಿರುವುದು ತಪ್ಪಲ್ಲ, ವೈರಸ್‌ಗಳ ಕಾಟ ನಿಜವಾದುದೇ. ಆದರೆ ಮನೆಗೆ ಬೀಗ ಹಾಕಿಕೊಟ್ಟ ಬಡಗಿಯು ಕೀಲಿಕೈಯನ್ನು ತಾನೇ ಇಟ್ಟುಕೊಂಡರೆ ಅದನ್ನು ರಕ್ಷಣೆಯೆಂದು ಯಾರೂ ಕರೆಯರು. ತನ್ನ ಯಂತ್ರವು ಯಾರ ಸಹಿಯನ್ನು ನಂಬಬೇಕೆಂದು ಹೇಳುವ ಕೊನೆಯ ಮಾತು ಒಡೆಯರಿಗೆ ಉಳಿದಿರುವವರೆಗೆ ಸೆಕ್ಯೂರ್ ಬೂಟ್ ಕಾವಲಾಗಿರುತ್ತದೆ. ಅದು ಇಲ್ಲವಾದ ದಿನ ಅದೇ ಗಣಿತವು ನಿರ್ಬಂಧವಾಗುತ್ತದೆ. ಆದಕಾರಣ ಯಂತ್ರವನ್ನು ಕೊಳ್ಳುವಾಗ ಬೆಲೆಯನ್ನೂ ವೇಗವನ್ನೂ ವಿಚಾರಿಸುವಂತೆ ಇದರ ಕೀಲಿಕೈ ಯಾರದೆಂಬುದನ್ನೂ ವಿದ್ಯಾರ್ಥಿಗಳು ವಿಚಾರಿಸಬೇಕು.