ಕಂಸಾಳೆಯ ಮಟ್ಟು

ಪ್ರತಿಯೊಂದು ಜನಪದ ಮಟ್ಟಿಗೂ ತನ್ನದೇ ಆದ ಹಿನ್ನೆಲೆಯುಂಟು. ಸ್ಕಾಟ್ಲೆಂಡಿನಲ್ಲಿ ಪಿಟೀಲಿನ ಮೇಲೆ ನುಡಿಸುವ ‘ರೀಲ್’ ಎಂಬ ಚುರುಕುನಡೆಯ ಮಟ್ಟು ಕುಣಿಯುವವರ ಹೆಜ್ಜೆಗೆಂದೇ ಬೆಳೆದುದು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಉಡಿಗಾಲದಂತಹ ಊರುಗಳಿಗೆ ಪರಿಚಿತವಾದ ಕಂಸಾಳೆಯ ಮಟ್ಟಿಗೆ ಕುಣಿತಕ್ಕಿಂತ ಕಥೆಯೇ ಆಧಾರ.

ಮಲೆಯ ಮಹದೇಶ್ವರನ ಒಕ್ಕಲಾಗಿ, ಗುರುವಿನಿಂದ ದೀಕ್ಷೆ ಪಡೆದವನು ದೇವರಗುಡ್ಡನೆನಿಸುತ್ತಾನೆ. ಅವನ ಎಡ ಅಂಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ. ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆಯ ತಾಳ. ಇವೆರಡರ ಬಡಿತವೇ ಹಾಡಿಗೆ ನಡೆಯನ್ನು ಕೊಡುತ್ತದೆ. ಮುಂದಾಳು ಹಾಡಿದ ನುಡಿಯನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಆ ಬಿಡುವಿನಲ್ಲಿ ಅವನು ಮುಂದಿನ ನುಡಿಯನ್ನು ಹವಣಿಸಿಕೊಳ್ಳುತ್ತಾನೆ. ಹೀಗೆ ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಮೊದಲಾದ ಭಾಗಗಳು ಇರುಳೆಲ್ಲ ಸಾಗುತ್ತವೆ. ಬೀಸು ಕಂಸಾಳೆಯಲ್ಲಾದರೋ ನಡೆ ಚುರುಕಾಗುತ್ತದೆ. ಬೀಸಿದ ತಾಳವು ತಲೆಯ ಸುತ್ತ, ಬೆನ್ನ ಹಿಂದೆ ಸುಳಿದು, ಲಯ ತಪ್ಪದೆ ಅಂಗೈಯ ಬಟ್ಟಲನ್ನೇ ಬಂದು ಮುಟ್ಟುತ್ತದೆ.

ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ಈ ಮಹಾಕಾವ್ಯ 1973ರಲ್ಲಿ ಅಚ್ಚಾಯಿತು. ಅದರಿಂದ ಮಾತುಗಳು ಉಳಿದವು. ಆದರೆ ಬಡಿತದ ಹದವನ್ನು ಪುಟ ಹಿಡಿದಿಡಲಾರದು. ಅದು ಗುರುವಿನ ಕೈಯಿಂದ ಶಿಷ್ಯನ ಕೈಗೇ ಬರಬೇಕು. ಇಂದು ವೇದಿಕೆಯ ಮೇಲೆ ಕೆಲವು ನಿಮಿಷ ನಡೆಯುವ ಬೀಸು ಕಂಸಾಳೆಗೆ ಮೆಚ್ಚುಗೆ ದೊರೆಯುತ್ತದೆ. ಇರುಳೆಲ್ಲ ಕುಳಿತು ಕಥೆ ಕೇಳುವವರು ವಿರಳರಾಗಿದ್ದಾರೆ. ಕೇಳುವವರಿಲ್ಲದ ಕಡೆ ಹಾಡುವವನು ಸಾಲುಗಳನ್ನು ಮರೆಯುತ್ತಾನೆ. ಸಾಲುಗಳು ಮರೆತ ಮೇಲೆ ಕೈಯಲ್ಲಿ ಉಳಿಯುವುದು ಕಂಚು ಮಾತ್ರ.